ಮನೆಯೊಳಗೊಂದು ಕಳ್ಳಗಣ್ಣು

ಕಮಲಾಪುರದ ಹೆಣ್ಣುಮಗಳೊಬ್ಬಳು ಓದಿಗಾಗಿ ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಾಳೆ ಎಂದಿಟ್ಟುಕೊಳ್ಳಿ. ಒಂದು ದಿನ ಬಚ್ಚಲುಮನೆಯ ಮೂಲೆಯಲ್ಲಿ ಗುಂಡಿಯಷ್ಟು ಚಿಕ್ಕ ಕ್ಯಾಮೆರಾ ಅವಳ ಕಣ್ಣಿಗೆ ಬೀಳುತ್ತದೆ. ಕೂಡಲೇ ಅವಳನ್ನು ಕಾಡುವುದು, 'ಮನೆಯವರಿಗೆ ಹೇಗೆ ಹೇಳಲಿ?' ಎಂಬ ಚಿಂತೆ. ಸಹೋದರಿಯರೇ, ಇಲ್ಲಿ ತಲೆ ತಗ್ಗಿಸಬೇಕಾದವರು ಯಾರು?

ಪರರ ಮನೆಯನ್ನು ಅನುಮತಿ ಪಡೆದು, ಸಲಾಮ್ ಹೇಳಿಯೇ ಪ್ರವೇಶಿಸಬೇಕೆಂದು ಪವಿತ್ರ ಕುರ್‌ಆನ್ (24:27) ಕಲಿಸುತ್ತದೆ. ಇತರರ ಗುಟ್ಟು ಕೆದಕುವುದನ್ನು ಅದು (49:12) ನಿಷೇಧಿಸಿದೆ. ಬಾಗಿಲಿಗಿರುವ ಈ ಶಿಷ್ಟಾಚಾರ ಮೊಬೈಲಿಗೆ ಬೇಡವೇ?

ದೇಶದ ಕಾನೂನೂ ಹೆಣ್ಣಿನ ಪರವಾಗಿಯೇ ಇದೆ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಯಾರೂ ನೋಡುತ್ತಿಲ್ಲವೆಂಬ ಭರವಸೆಯಲ್ಲಿ ಹೆಣ್ಣು ಶೌಚಾಲಯದಲ್ಲಿರುವಾಗ ಅಥವಾ ಅವಳ ಮೈ ಮರೆಯಿಲ್ಲದಿರುವಾಗ ಕದ್ದು ನೋಡುವುದು, ಚಿತ್ರೀಕರಿಸುವುದು, ಅದನ್ನು ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ 1ರಿಂದ 3 ವರ್ಷ, ಮರುಕಳಿಸಿದರೆ 3ರಿಂದ 7 ವರ್ಷ ಸೆರೆವಾಸ ಮತ್ತು ದಂಡ. 2013ರಲ್ಲಿ ಹಳೆಯ ದಂಡ ಸಂಹಿತೆಗೆ ಸೇರಿದ್ದ 354ಸಿ ಕಲಂ ಗಂಡಸನ್ನು ಮಾತ್ರ ಆರೋಪಿಯಾಗಿಸುತ್ತಿತ್ತು. 2024ರ ಜುಲೈ 1ರಿಂದ ಹೆಂಗಸು ಮಾಡಿದರೂ ಅಪರಾಧವೇ. ಚಿತ್ರ ತೆಗೆಯಲು ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಹಂಚಿದವರು ಶಿಕ್ಷಾರ್ಹರು. ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಗೆ ಮೊಬೈಲ್ ಹಿಡಿದು ಹೋಗುವವರು ಇದನ್ನು ನೆನಪಿಡಲಿ.

ಮಾತುಗಳನ್ನು ಕದ್ದು ರೆಕಾರ್ಡ್ ಮಾಡುವುದು ಈ ಕಲಮಿನೊಳಗೆ ಬರುವುದಿಲ್ಲ. ಪತಿ-ಪತ್ನಿಯರ ಅಂಥ ಧ್ವನಿಮುದ್ರಣವನ್ನು ವೈವಾಹಿಕ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೋರ್ಟು ಸಾಕ್ಷ್ಯವೆಂದು ಒಪ್ಪಿದ ಮಾತ್ರಕ್ಕೆ ಅತ್ತೆ-ಸೊಸೆ, ನೆರೆಹೊರೆಯವರು ಪರಸ್ಪರರ ಮಾತು ಕದಿಯುತ್ತ ಕೂತರೆ ಮನೆಯಲ್ಲಿ ನಂಬಿಕೆ ಉಳಿದೀತೇ?

ಅಂಥ ಕ್ಯಾಮೆರಾ ಕಂಡರೆ ಒಡೆಯಬೇಡಿ, ಮುಟ್ಟಬೇಡಿ, ಅದೇ ಸಾಕ್ಷ್ಯ. ವೀಡಿಯೋ ಕೈಗೆ ಬಂದರೆ ಯಾರಿಗೂ ಕಳುಹಿಸಬೇಡಿ. 112ಕ್ಕೆ ಕರೆ ಮಾಡಿ; ಅಂತರ್ಜಾಲದಲ್ಲಿ ಹರಡಿದ್ದರೆ 1930ಕ್ಕೂ ತಿಳಿಸಿ. ಘಟನೆ ಕಲಬುರಗಿಯಲ್ಲಿ ನಡೆದಿದ್ದರೂ ಕಮಲಾಪುರದ ಠಾಣೆಯಲ್ಲಿ ದೂರು ಕೊಡಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ ಉಚಿತ ವಕೀಲರ ನೆರವು ಸಿಗುತ್ತದೆ.

ತಾಯಂದಿರೇ, ಮಗಳು ಇಂಥ ಸುದ್ದಿ ಹೊತ್ತು ಬಂದರೆ 'ಮರ್ಯಾದೆ ಹೋದೀತು, ಸುಮ್ಮನಿರು' ಎನ್ನದಿರಿ. ಆ ಮೌನವೇ ಕಳ್ಳನಿಗೆ ಬಲ. ಅವಳ ಕೈ ಹಿಡಿದು ಠಾಣೆಯವರೆಗೆ ಜೊತೆಗೆ ನಡೆಯಿರಿ.