ಮಗುವಿನ ತೂಕವೂ ಮೈಯ ತಿರುಳೂ

ತೊಗರಿಯ ಚೀಲವನ್ನು ತಕ್ಕಡಿಗಿಟ್ಟರೆ ಭಾರ ತಿಳಿಯುತ್ತದೆ. ಒಳಗೆ ಕಾಳೆಷ್ಟು, ಹೊಟ್ಟೆಷ್ಟು ಎಂಬುದು ತಿಳಿಯುವುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ರೈತ ಬಂಧುಗಳಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಆದರೆ ಮನೆಯ ಕೂಸಿನ ವಿಷಯದಲ್ಲಿ ಮಾತ್ರ ತೂಕವೊಂದನ್ನೇ ನಂಬುತ್ತೇವೆ. ದುಂಡಗಿನ ಮಗುವನ್ನು ಕಂಡೊಡನೆ ಆರೋಗ್ಯವಂತವೆಂದು ಹರಸಿದವರಲ್ಲಿ ನಾವೂ ಸೇರಿದ್ದೇವೆ.

ದೇಹದ ಭಾರವೆಂದರೆ ಎಲುಬು, ಸ್ನಾಯು, ನೀರು, ಕೊಬ್ಬು ಇವೆಲ್ಲ ಕೂಡಿದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಿಂದ ನಡೆದ ಅಧ್ಯಯನವು ಇದಕ್ಕೆ ಸಾಕ್ಷಿ. ಅಲ್ಲಿ ಜನಿಸಿದ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಹಗುರವಾಗಿದ್ದವು; ಆದರೆ ಬೆನ್ನಿನ ಮೇಲ್ಭಾಗದ ಚರ್ಮದ ಮಡಿಕೆಯಲ್ಲಿ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ಸಣಕಲು ಮೈಯಲ್ಲಿಯೂ ಕೊಬ್ಬು ಅಡಗಿರಬಲ್ಲದು.

ಹಾಗಾದರೆ ಯಾವ ಅಳತೆ ಉಚಿತ? ನಾವು ಏನನ್ನು ಅರಿಯಬಯಸುತ್ತೇವೆ ಎಂಬುದನ್ನು ಮೊದಲು ನಿಶ್ಚಯಿಸಬೇಕು.

ಪೋಷಣೆಯ ಕೊರತೆಯನ್ನು ಅರಿಯಲು ತೋಳಿನ ಪಟ್ಟಿ ಸಾಕು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಎಡದೋಳಿನ ನಡುಭಾಗದ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಎಚ್ಚರಿಕೆ, 11.5ಕ್ಕಿಂತ ಕಡಿಮೆಯಿದ್ದರೆ ಅಪಾಯ. ಬೆಳವಣಿಗೆಯನ್ನು ಅರಿಯಲು ತೂಕದೊಡನೆ ಎತ್ತರವೂ ಬೇಕು; 2 ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಇವನ್ನು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದೊಡನೆ ಹೋಲಿಸುತ್ತಾರೆ. ಕೊಬ್ಬನ್ನು ಅರಿಯಲು ಚರ್ಮದ ಮಡಿಕೆಯನ್ನು ಇಕ್ಕಳದಿಂದ ಅಳೆಯುವುದುಂಟು; ಅದಕ್ಕೆ ಪಳಗಿದ ಕೈ ಬೇಕು.

ಮೇಲೆ ನಿಂತೊಡನೆ ಕೊಬ್ಬಿನ ಪ್ರಮಾಣ ತೋರಿಸುವ ಯಂತ್ರಗಳೂ ಅಂಗಡಿಗೆ ಬಂದಿವೆ. ಅವು ದೇಹದೊಳಗೆ ಕ್ಷೀಣ ವಿದ್ಯುತ್ತನ್ನು ಹರಿಸುತ್ತವೆ. ನೀರಿನಂಶವುಳ್ಳ ಭಾಗದಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ, ಉಳಿದದ್ದು ಲೆಕ್ಕಾಚಾರ. ವಾಡಿ, ಶಹಾಬಾದಗಳ ಬಿರುಬಿಸಿಲಿನಲ್ಲಿ ಬೆವರಿ, ನೀರು ಕುಡಿಯದೆ ಬಂದ ಮಗುವಿನ ಮೈಯಲ್ಲಿ ಇಲ್ಲದ ಕೊಬ್ಬನ್ನು ಅವು ತೋರಿಸಬಹುದು. ಆ ಅಂಕಿಯನ್ನು ನಂಬಿ ಬೆಳೆಯುವ ಮಗುವಿನ ಊಟ ಕಡಿಮೆ ಮಾಡಿದರೆ ಅನರ್ಥವಾದೀತು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟು: ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿ ತಿಂಗಳು ಅಂಗನವಾಡಿಯಲ್ಲಿ ಮಗುವನ್ನು ಅಳೆಯಿಸಿ, ಬರೆದಿಡಿಸಿರಿ. ಒಂದು ದಿನದ ಅಂಕಿಗಿಂತ ಹಲವು ತಿಂಗಳ ಏರಿಳಿತ ಹೆಚ್ಚು ಹೇಳುತ್ತದೆ. ಎರಡೂ ಪಾದಗಳು ಬಾತಿದ್ದರೆ ತೂಕ ಸರಿಯಿದ್ದರೂ ನೆಚ್ಚಬೇಡಿರಿ. ಆ ಭಾರ ನೀರಿನದು. ಅಂಥ ಮಗುವನ್ನೂ, ತೋಳು 11.5 ಸೆಂ.ಮೀ.ಗಿಂತ ಸಣ್ಣದಾದ ಮಗುವನ್ನೂ ರಾಶಿ ಮುಗಿಯಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.