ತಂತಿಯಲ್ಲಿ ಸುಳ್ಳು ಸಂಕೇತ

ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬನು ಎಣಿಕೆಯ ಯಂತ್ರವೊಂದನ್ನು ರಚಿಸಿ, ಅದರ ಗುಂಡಿಗೆ ಮೂರು ಮೀಟರು ತಂತಿ ಎಳೆದನೆನ್ನೋಣ. ಗುಂಡಿಯನ್ನು ಯಾರೂ ಮುಟ್ಟದಿದ್ದರೂ, ಮನೆಯ ಪಂಪು ಚಾಲೂ ಆದೊಡನೆ ಎಣಿಕೆ ಏರುವುದು! ಧಾರವಾಡದ ಆಕಾಶವಾಣಿಯನ್ನು ಶಂಕಿಸಬೇಕಿಲ್ಲ. ಅದರ 765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರು. ಗಿಡ್ಡ ತಂತಿ ಅದನ್ನು ಸುಲಭವಾಗಿ ಹಿಡಿಯಲಾರದು.

ಟಿ.ಟಿ.ಎಲ್. ಮಂಡಲವು 0.8 ವೋಲ್ಟಿಗಿಂತ ಕೆಳಗಿನದನ್ನು ಸೊನ್ನೆಯೆಂದೂ 2 ವೋಲ್ಟಿಗಿಂತ ಮೇಲಿನದನ್ನು ಒಂದೆಂದೂ ಓದುವುದು. ಗುಂಡಿ ತೆರೆದಿರುವಾಗ ತಂತಿಯು ಇವೆರಡರ ನಡುವೆ ತೇಲುತ್ತಿರುವುದು. ಪಂಪಿನ ಸ್ವಿಚ್ಚಿನ ಕಿಡಿಯೇ ಅದನ್ನು ಅಲುಗಿಸಬಲ್ಲದು. ಆದುದರಿಂದ ಮೊದಲು ಅದನ್ನು 4.7 ಕಿಲೋಓಮ್ ರೋಧಕದ ಮೂಲಕ 5 ವೋಲ್ಟಿಗೆ ಜೋಡಿಸಿರಿ. ಬಳಿಕ ಗ್ರೌಂಡ್ ತಂತಿಯನ್ನು ಅದರೊಡನೆ ಹೊಸೆಯಿರಿ. ಪಕ್ಕಪಕ್ಕದ ಸುತ್ತುಗಳಲ್ಲಿ ಹುಟ್ಟುವ ಕ್ಷೋಭೆಗಳು ಪರಸ್ಪರ ಅಳಿಯುವುವು. 1881ರಲ್ಲಿ ಗ್ರಹಾಂ ಬೆಲ್ಲನು ದೂರವಾಣಿಗಾಗಿ ಪೇಟೆಂಟ್ ಪಡೆದ ಉಪಾಯವಿದು. ಆಗಲೂ ತಪ್ಪೆಣಿಕೆ ನಿಲ್ಲದಿದ್ದರೆ, ಐ.ಸಿ.ಯ ವಿದ್ಯುತ್ ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡ್ ಧಾರಕವೊಂದನ್ನು ಬೆಸೆಯಿರಿ.