ಹೊಳವು ಬಂದದ್ದೇಕೆ? ಮದ್ದು ಬಿಡುವ ಮುನ್ನ ಒಂದು ವಿಚಾರ

ಹೋದ ವರ್ಷ ಆಷಾಢದಲ್ಲಿ ಎರಡು ದಿನದ ಹೊಳವನ್ನು ನಂಬಿ ನಾವು ಹಟ್ಟಿಯಂಗಡಿಯ ನಮ್ಮ ತೋಟಕ್ಕೆ ಎರಡನೆಯ ಸಲದ ಬೋರ್ಡೊ ದ್ರಾವಣ ಬಿಡಿಸಿದೆವು. ಕೊನೆಯ ಮರದಿಂದ ಆಳು ಇಳಿದು ಅರ್ಧ ಗಂಟೆಯಾಗಿರಲಿಲ್ಲ, ಮಳೆ ಹೊಯ್ಯಿತು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ ಎಲ್ಲವೂ ತೋಡು ಸೇರಿತು. ಮುಂದೆ ಕೊಳೆರೋಗ ಬಂದಾಗ ದೂರಲು ಬೇರೆ ಯಾರೂ ಇರಲಿಲ್ಲ. ಹೊಳವು ಬಂದಿದೆಯೆಂದು ನೋಡಿದೆವೇ ಹೊರತು ಏಕೆ ಬಂತೆಂದು ಕೇಳಿಕೊಳ್ಳಲಿಲ್ಲ.

ಮಳೆಗೆ ತೇವದ ಗಾಳಿಯೊಂದೇ ಸಾಲದು. ಮಳೆಗಾಲವಿಡೀ ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಆ ಗಾಳಿ ಮೇಲೇರಬೇಕು. ಏರಿದ ಗಾಳಿ ಹಿಗ್ಗಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಮೋಡ ಕಟ್ಟತೊಡಗಿದ ಮೇಲೆ ಆವಿ ಬಿಟ್ಟುಕೊಡುವ ಶಾಖದಿಂದ ತಣಿಯುವ ವೇಗ ತಗ್ಗುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಮೋಡವನ್ನು ಕರಗಿಸುತ್ತದೆ. ನೂರಾರು ಕಿಲೋಮೀಟರ್ ಹರಡಿದ ಮಳೆಯಲ್ಲಿ ಈ ಏರಿಕೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಐದು ಎಂದಿಟ್ಟುಕೊಂಡರೂ ದಿನಕ್ಕೆ 4 ಕಿಲೋಮೀಟರಿಗೆ ಮಿಕ್ಕಿತು! ಇಷ್ಟು ಮೆಲ್ಲನೆಯ ಚಲನೆಯನ್ನು ನೇರವಾಗಿ ಅಳೆಯುವುದು ಬಲು ಕಷ್ಟ. ಹೀಗಾಗಿ ಹವಾಮಾನ ಶಾಸ್ತ್ರಜ್ಞರು ಒತ್ತಡ, ಗಾಳಿ, ಉಷ್ಣತೆಗಳ ನಕ್ಷೆ ನೋಡಿ, ವೈದ್ಯರು ನಾಡಿ ಹಿಡಿದಂತೆ, ಲೆಕ್ಕದಿಂದ ತಿಳಿಯುತ್ತಾರೆ. ಬ್ರಿಟನ್ನಿನ ಸಟ್‌ಕ್ಲಿಫ್ 1947ರಲ್ಲಿ ಈ ದಾರಿಯಲ್ಲಿ ದೊಡ್ಡ ಹೆಜ್ಜೆಯಿಟ್ಟರು. ಆದರೆ ಅಂಥ ಲೆಕ್ಕಗಳು ತಣ್ಣನೆಯ ಗಾಳಿ, ಬೆಚ್ಚನೆಯ ಗಾಳಿ ಎದುರುಬದುರಾಗುವ ಶೀತದೇಶಗಳಿಗೆ ಹೆಚ್ಚು ಒಪ್ಪುವಂಥವು. ನಮ್ಮಲ್ಲಿ ಆ ವ್ಯತ್ಯಾಸ ಅಲ್ಪ.

ನಮ್ಮಲ್ಲಿ ಗಾಳಿಯನ್ನು ಏರಿಸುವವರು ಬೇರೆ. ಪಡುಗಾಳಿಗೆ ಘಟ್ಟ ಅಡ್ಡ ನಿಂತಿದೆ. 1,343 ಮೀಟರಿನ ಕೊಡಚಾದ್ರಿ ನಮಗೆ ಕಾಣುವಂಥದೇ. ಪಡುಗಾಳಿ ಬಲವಾಗಿ ಕೊಲ್ಲೂರು, ಹೊಸಂಗಡಿಯ ಕಡೆ ಧಾರಾಕಾರ ಸುರಿದು ಕುಂದಾಪುರದಲ್ಲಿ ಬರೇ ಜಡಿಯಿದ್ದರೆ ಅದು ಬಹುಮಟ್ಟಿಗೆ ಘಟ್ಟದ ಕೆಲಸ. ಕಡಲಿನಿಂದ ಘಟ್ಟದವರೆಗೆ ಹಗಲೂ ರಾತ್ರಿ ಒಂದೇ ಸಮ ಹೊಯ್ಯುತ್ತಿದ್ದರೆ ಕರಾವಳಿಗುಂಟ ಕಡಲ ಮೇಲೆ ಕಡಿಮೆ ಒತ್ತಡದ ಪಟ್ಟಿ, ಪತ್ರಿಕೆಗಳು ಟ್ರಫ್ ಎನ್ನುವುದು, ಚುರುಕಾಗಿದೆಯೆಂದು ಊಹಿಸಬಹುದು. ಅಲ್ಲಿ ಕೆಳಗಿನ ಗಾಳಿ ಒಟ್ಟುಗೂಡುತ್ತದೆ. ಬೇರೆ ದಾರಿಯಿಲ್ಲದೆ ಏರುತ್ತದೆ. ಮೋಡದೊಳಗಿನ ಶಾಖ ಆ ಏರಿಕೆಯನ್ನು ಮತ್ತಷ್ಟು ಬಲಪಡಿಸುತ್ತದೆ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ನೆಲದ ಕಾವು ಮುಖ್ಯ. ಅದು ಒಂದು ತೋಟಕ್ಕೆ ಬಿದ್ದು ಪಕ್ಕದ ತೋಟಕ್ಕೆ ಬೀಳದಿರಬಹುದು.

ಇನ್ನು ಹೊಳವಿನ ವಿಚಾರ. ಉತ್ತರ ಭಾರತದ ಮುಂಗಾರಿನ ಟ್ರಫ್ ಹಿಮಾಲಯದ ತಪ್ಪಲಿಗೆ ಸರಿದಾಗ ನಮ್ಮ ಕಡೆಯ ಮಳೆಯೂ ಸಾಮಾನ್ಯವಾಗಿ ತಗ್ಗುತ್ತದೆ. ಆ ಬಿಡುವು ಕೆಲವೊಮ್ಮೆ ವಾರ ದಾಟುತ್ತದೆ. ಕರಾವಳಿಯ ಟ್ರಫ್ ಸ್ವಲ್ಪ ದುರ್ಬಲವಾದುದರಿಂದ ಬಂದ ಹೊಳವು ಹಾಗಲ್ಲ; ಒಡಿಶಾದ ಕಡೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಹುಟ್ಟಿತೆಂದರೆ ನಮ್ಮ ಪಡುಗಾಳಿ ಮತ್ತೆ ಬಲಗೊಳ್ಳುವುದುಂಟು. ಹೋದ ವರ್ಷ ಹಾಗೆಯೇ ಆದದ್ದು. ಅದರ ಸುದ್ದಿ ಹಿಂದಿನ ಸಂಜೆಯ ರೇಡಿಯೋದಲ್ಲೇ ಬಂದಿತ್ತಂತೆ. ನಾವು ಪಂಪು ತೊಳೆಯುತ್ತಿದ್ದೆವು.

ಮೊದಲ ಸಿಂಪರಣೆಯಾಗಿ 40–45 ದಿನಕ್ಕೆ ಎರಡನೆಯದು ಬರುತ್ತದೆ. ದಿನ ಗೊತ್ತುಮಾಡುವ ಮುನ್ನ ಹವಾಮಾನ ಇಲಾಖೆಯ ವರದಿಯಲ್ಲಿ ಕರಾವಳಿಯ ಟ್ರಫ್ ಮತ್ತು ಬಂಗಾಳಕೊಲ್ಲಿ, ಈ ಎರಡರ ಸಂಗತಿ ನೋಡಿಕೊಳ್ಳಿ. ಈ ಸಲ ಸಂಘದ ಹಲಗೆಯ ಮೇಲೆ ಅದನ್ನು ಪ್ರತಿದಿನ ಬೆಳಿಗ್ಗೆ ಬರೆದಿಡುತ್ತೇವೆ.